ಖಣಕ್ಕೊಂದು ಪೈಸಾ

ನಮ್ಮ ಗುಳೇದಗುಡ್ಡದ ಕಾಲೇಜಿನಲ್ಲಿ ಸತ್ತವರ ಹೆಸರೇ ಹೆಚ್ಚು.
ಬೆಂಚಿನ ಬೆನ್ನಿಗೆ, ನೀರಿನ ಟಾಕಿಗೆ, ಗಡಿಯಾರದ ಗಾಜಿಗೆ
ಸ್ಮರಣಾರ್ಥ, ಸ್ಮರಣಾರ್ಥ.
ಬಾದವಾಡಗಿಯವರ ದೊಡ್ಡವ್ವ ಕೊಟ್ಟ ಫ್ಯಾನಿನ
ರೆಕ್ಕೆಯ ಮೇಲೂ ಕೆಂಪು ಅಕ್ಷರ.
ತಿರುಗುವಾಗ ಕಾಣುವುದಿಲ್ಲ.
ಕರೆಂಟು ಹೋಗಿ
ಸೆಖೆಗೆ ತಲೆಯೆತ್ತಿದ ಹುಡುಗರು
ಆಕೆಯ ಹೆಸರು ಓದಿಕೊಳ್ಳುತ್ತಾರೆ.

ನಾನು ವಿದ್ಯಾನಿಧಿಯ ಗುಮಾಸ್ತ.
ಅಡತಿ ಅಂಗಡಿಯ ಅಟ್ಟದ ಮೇಲೆ ಆಫೀಸು:
ಒಂದು ಕಪಾಟು, ಎರಡು ಕುರ್ಚಿ, ಒಂದಕ್ಕೆ ಕೈ ಇಲ್ಲ.
ಜೂನ್ ಬಂತೆಂದರೆ ಏಣಿಯಂಥ ಮೆಟ್ಟಿಲ ಕೆಳಗೆ
ಸವೆದ ಚಪ್ಪಲಿಗಳ ಗುಂಪು.

ಅರ್ಜಿಯ ಏಳನೆಯ ಕಲಮು: 'ಬಡತನಕ್ಕೆ ಕಾರಣ'.
ಯಾರು ಬರೆಸಿದರೋ, ನಾನು ಸೇರುವ ಮೊದಲಿನ ಮುದ್ರಣ,
ಇನ್ನೂ ಎರಡು ಗಂಟು ಉಳಿದಿದ್ದವು.
ಹುಡುಗರು ತೋಚಿದ್ದು ತುಂಬುತ್ತಾರೆ:
ಅಪ್ಪ ಇಲ್ಲ. ಪವರ್‌ಲೂಮು. ಅಕ್ಕನ ಮದುವೆ. ದೇವರ ಇಚ್ಛೆ.
ಒಬ್ಬ 'ಗೊತ್ತಿಲ್ರಿ ಸರ್' ಎಂದು ಬರೆದಿದ್ದ.
ಆ ವರ್ಷ ಅವನಿಗೇ ಪೂರಾ ಫೀ ಕೊಟ್ಟೆವು.

ಈ ಸಲ ಬಂದವಳು ಸಂಪದಾ ಉಂಕಿ,
ಬಿಎಸ್ಸಿ ಎರಡನೆಯ ವರ್ಷ,
ಉಗುರ ಸಂದಿಯಲ್ಲಿ ನೂಲಿನ ಬಣ್ಣದ ನೀಲಿ.
ಏಳನೆಯ ಕಲಮು ಖಾಲಿ.
'ಇದನ್ನ ತುಂಬಲಿಕ್ಕೇ ಬೇಕವ್ವಾ' ಅಂದೆ.
'ಕಾರಣ ನಿಮ್ಮ ಕಪಾಟಿನ್ಯಾಗ ಐತ್ರಿ.
ಎಪ್ಪತ್ತೊಂದನೇ ಇಸವಿ ಕಿರ್ದಿ ತಗಸಿ ನೋಡು
ಅಂತ ನಮ್ಮ ಆಯಿ ಹೇಳ್ಯಾಳ.'

ಸೀನುತ್ತ ತೆಗೆದೆ. ಕೆಂಪು ಬಟ್ಟೆ, ಹುಳ ತಿಂದ ಅಂಚು.
ಆಗಿನ ಯಜಮಾನರು ನೇಮ ಮಾಡಿದ್ದರಂತೆ:
ಊರಿಗೊಂದು ಕಾಲೇಜು ಆಗಬೇಕು,
ಮಾರಿದ ಖಣಕ್ಕೊಂದು ಪೈಸಾ ಧರ್ಮಾದಾ.
ವ್ಯಾಪಾರಸ್ಥರು ಕೊಟ್ಟರೆಂದೇ ಬಾಗಿಲ ಕಲ್ಲು ಹೇಳುತ್ತದೆ,
ಆಗಸ್ಟ್ ಹದಿನೈದಕ್ಕೆ ಅದಕ್ಕೆ ಹಾರ ಹಾಕುವವ ನಾನೇ.

ಕಿರ್ದಿಯ ಮಾತು ಬೇರೆ ಇತ್ತು.
ಗುರುವಾರ. ಸಾವಕ್ಕ ಉಂಕಿ. ಖಣ ಹನ್ನೆರಡು.
ಮಜೂರಿಯಲ್ಲಿ ಮುರಿದದ್ದು ಹನ್ನೆರಡು ಪೈಸಾ.
ಮುಂದಿನ ಗುರುವಾರ ಹದಿನಾಲ್ಕು.
ಒಂದು ವಾರ ಏನೂ ಇಲ್ಲ,
ಪಕ್ಕಕ್ಕೆ ಪೆನ್ಸಿಲಿನಲ್ಲಿ 'ಹೆರಿಗೆ'.
ಅದರ ಮುಂದಿನ ವಾರ ಮತ್ತೆ ಒಂಬತ್ತು.

ಹುಡುಗಿ ಬೆರಳಿಟ್ಟು ಕೂಡಿಸುತ್ತ ಹೋದಳು, ತುಟಿ ಅಲುಗದೆ.
'ಐದು ರೂಪಾಯಿ ಎಂಬತ್ತಾರು ಪೈಸಾ ಆತ್ರಿ,
ಇದೊಂದ ಪುಸ್ತಕದಾಗ.'
ಸಿಟ್ಟಿರಲಿಲ್ಲ, ಲೆಕ್ಕ ತಾಳೆಯಾದ ನಗು.
'ಆಯಿ ಕಾಲೇಜಿನೊಳಗ ಒಮ್ಮೆನೂ ಕಾಲಿಟ್ಟಿಲ್ರಿ.
ಗೇಟಿನ ಮುಂದ ಹಾಯುವಾಗೆಲ್ಲ
ಇಲ್ಲಿ ನಂದೂ ನಾಕು ಇಟ್ಟಂಗಿ ಅದಾವು ಅಂತಿದ್ಲು.
ಮುದುಕಿ ಚ್ಯಾಷ್ಟಿ ಮಾಡ್ತಾಳ ಅನಕೊಂಡಿದ್ವಿ.'

ಶನಿವಾರ ಟ್ರಸ್ಟಿನ ಸಭೆ. ಐದು ಜನ, ಒಂದು ತಟ್ಟೆ ಚೂಡಾ.
ಕಿರ್ದಿಯನ್ನು ಅಧ್ಯಕ್ಷರ ಮುಂದೆ ಬಿಚ್ಚಿಟ್ಟೆ.
ಚನಮಲ್ಲಪ್ಪನವರು ಚಾಳೀಸು ತೆಗೆದು, ಒರೆಸಿ, ಹಾಕಿಕೊಂಡು
ಹಾಳೆಯ ಹತ್ತಿರ ಬಾಗಿದರು.
'ಅಕ್ಷರ ನಮ್ಮಪ್ಪಂದು.'
ಅಷ್ಟೇ ಅಂದರು.
ಚಹಾದ ಮೇಲೆ ಕೆನೆ ಕಟ್ಟಿತು.
ಕಲ್ಲಿನ ಮಾತು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ;
ಮೂವತ್ತೊಂದು ವರ್ಷದ ಪಗಾರ ನನ್ನ ನಾಲಿಗೆಯ ಮೇಲೂ ಕೂತಿದೆ.
ಎದ್ದು ಹೋಗುವಾಗ ಮಾತ್ರ, ಮೆಟ್ಟಿಲ ಮೇಲಿಂದ ತಿರುಗಿ,
'ಅರ್ಜಿ ಹೊಸದು ಹಾಕಸ್ರಿ. ಏಳನೇದು ಬ್ಯಾಡ.'

ಸಂಪದಾಳ ವೋಚರು ಬರೆದೆ.
'ಧನಸಹಾಯ' ಎಂದು ಅಚ್ಚಾದಲ್ಲಿ ಒಂದು ಗೆರೆ ಎಳೆದು
ಮೇಲೆ ಸಣ್ಣಗೆ, 'ಮರುಪಾವತಿ'.
ಮಾರ್ಚಿನಲ್ಲಿ ಆಡಿಟರು ಕೇಳುತ್ತಾರೆ.
ಕೇಳಲಿ, ಕಿರ್ದಿ ಇದೆ.

ಹಳೆಯ ಅರ್ಜಿಯ ಎರಡು ಗಂಟನ್ನೂ
ಗಣಿತದ ಕ್ಲಾಸಿಗೆ ಹೊರಿಸಿ ಕಳಿಸಿದೆ.
ಹಾಳೆಯ ಬೆನ್ನು ಬೋಳು,
ಹುಡುಗರಿಗೆ ಲೆಕ್ಕ ಬಿಡಿಸಲು ಬರುತ್ತದೆ.