ಆರ್ಡಿನರಿ ಗಾಡಿ

ಬೆಟಗೇರಿಯ ಫಿಜಿಯೋಥೆರಪಿ ಕೋಣೆಯೊಳಗ
ನೆಲಕ್ಕ ಹಳದಿ ಪಟ್ಟಿ ಹಚ್ಯಾರ, ಹತ್ತು ಹೆಜ್ಜಿ ಉದ್ದ.
‘ನಡೀರಿ ದಾವಲಸಾಬ್ರ, ನಡಕೋತನ
ನೂರರಾಗ ಮೂರು ಮೂರು ಕಳೀರಿ’
ಅಂತಾಳ ಶಾಂಭವಿ, ನನ್ನ ಮೊಮ್ಮಗಳ ವಾರಿಗಿ.

ತೊಂಬತ್ತೇಳು. ತೊಂಬತ್ನಾಲ್ಕು.
ತೊಂಬತ್ತೊಂದಕ್ಕ ಕಾಲು ನಿಂತವು.
ಕಾಲು ಎತ್ತಿದರ ಲೆಕ್ಕ ಮರೀತದ,
ಲೆಕ್ಕ ಹಿಡದರ ಕಾಲು.

ನಗು ಬಂತು ನನಗ.
ಮೂವತ್ತೊಂದು ವರ್ಷ ಓಡೋ ಗಾಡಿಯೊಳಗ
ಕಂಬಕ್ಕ ಮೊಣಕೈ ತಾಕಿಸಿ, ಬೆರಳ ಸಂದಿಗೆ ನೋಟು ಮಡಚಿ
ಎರಡು ಫುಲ್ಲು, ಒಂದು ಹಾಫು, ಒಂದು ಕೋಳಿ,
ಚಿಲ್ಲರ ಇಳಿಯೋವಾಗ.
ಎಂಥಾ ತಗ್ಗು ಬಂದರೂ
ಒಂದು ರೂಪಾಯಿ ಲೆಕ್ಕ ಚೆಲ್ಲಿದ್ದಿಲ್ಲ.

‘ಹಂಗಾರ ಊರು ಹೇಳ್ರಿ,
ಹುಬ್ಬಳ್ಳಿಯಿಂದ ಗದಗಿಗೆ, ಒಂದು ಬಿಟ್ಟು ಒಂದು.’
ಅದು ಎಕ್ಸ್‌ಪ್ರೆಸ್ಸವ್ವಾ, ನಂದು ಆರ್ಡಿನರಿ.
‘ಇವತ್ತೊಂದಿನ ಎಕ್ಸ್‌ಪ್ರೆಸ್ಸು.’

ಹುಬ್ಬಳ್ಳಿ. (ಶಿರಗುಪ್ಪಿ ಹಲ್ಲಾಗ ಕಚ್ಚಿಕೊಂಡೆ.)
ನಲವಡಿ. ಹೆಜ್ಜಿ.
ಭದ್ರಾಪುರ ನುಂಗಿದೆ. ಹೆಜ್ಜಿ.
ಅಣ್ಣಿಗೇರಿ. ಇಲ್ಲಿ ಚಹಾಕ್ಕ ಐದು ಮಿನಿಟು ನಿಲ್ಲತಿತ್ತು,
ನಿಲ್ಲಲಿಲ್ಲ.
ಹುಲಕೋಟಿ ಅನ್ನೋದ್ರಾಗ ಪಟ್ಟಿ ಮುಗಿದಿತ್ತು.

ಹೊಳ್ಳೋದು ಇದ್ದದ್ದ ಕಷ್ಟ.
ಹೋದ ತಿಂಗಳು ಬಚ್ಚಲದಾಗ ಬಿದ್ದದ್ದೂ
ಹೊಳ್ಳೂಮುಂದ.

ಖರೇ ಹೇಳ್ತೀನಿ, ಹಿಂದ
ದುಂದೂರ ಕ್ರಾಸಿನಾಗ ಯಾರೋ ಕೈ ಮಾಡಿದಂಗಾತು,
ತಲಿ ಮ್ಯಾಲ ಗಂಟು, ಬಿಸಿಲು.
ಹೊಳ್ಳಿದೆ.
ಹೊಳ್ಳಿದ ಮ್ಯಾಲ ಗೊತ್ತಾತು, ಸರಳು ಹಿಡಿದಿದ್ದಿಲ್ಲ ಅಂತ.

ಶಾಂಭವಿ ಪೆನ್ನು ಎತ್ತಿದಾಕಿ ಹಂಗ ನಿಂತಾಳ.

ಲಗೂ ಹತ್ತಬೇ ಯಮ್ಮಾ, ಅಂದೆ.
ರೈಟ್.