ಎರಡನೇ ಲಾರಿ

ಫ್ರಿಜ್ಜಿನ ಬಾಗಿಲಿನ ಚೀಟಿಗಳನ್ನು ಮಾತ್ರ
ನಾನೇ ಬಿಡಿಸಿ, ಬಿಸ್ಕತ್ತಿನ ಡಬ್ಬಿಗೆ ತುಂಬಿ
ಮಡಿಲಲ್ಲಿ ಹೊತ್ತು ತಂದೆ.
ಉಳಿದದ್ದೆಲ್ಲ ಲಾರಿಗೆ.

ಇಸ್ತಾಂಬುಲಿನಲ್ಲಿ ನಮ್ಮ ಸಂಸಾರ ನಡೆದದ್ದು
ನಿಂಬೆಹಣ್ಣಿನ ಆಕಾರದ ಒಂದು ಆಯಸ್ಕಾಂತದ ಕೆಳಗೆ.
'ಬೇಳೆ ಸಾರು ಒಲೆ ಮೇಲಿದೆ.'
'ಪೆಲಿನ್‌ಗೆ ಕೆಮ್ಮು, ಐಸ್‌ಕ್ರೀಮ್ ಕೇಳಿದರೆ ಕೊಡಬೇಡ.'
'ಗ್ಯಾಸಿನವನಿಗೆ ಚಿಲ್ಲರೆ ಇಟ್ಟಿದ್ದೇನೆ.'
ಒಂದು ಸಲ ಏನೂ ಕೆಲಸವಿಲ್ಲದ ಚೀಟಿ:
'ಇದ್ದೀಯಾ?'
ಮೂರು ದಿನ ಬಿಟ್ಟು ಅದರ ಕೆಳಗೇ ಬರೆದೆ:
'ಇದ್ದೇನೆ.'

ಸೆಜಾಯಿ ಬಸ್ಸಿನ ಡಿಪೋಗೆ ಹೊರಡುವುದು ಏಳಕ್ಕೆ.
ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ನಾನು ಮೆಟ್ಟಿಲೇರುವುದು ಎಂಟಕ್ಕೆ.
ನಡುವಿನ ಒಂದು ಗಂಟೆ ನಮ್ಮ ಮಗಳು
ಕೆಳಮನೆಯ ದರ್ಜಿಯ ಪಾಲು.
ಹೊದಿಕೆಯೊಳಗೆ ಅವನ ಮಗ್ಗುಲಲ್ಲಿ
ಚೂರು ಬಿಸಿ ಉಳಿದಿರುತ್ತಿತ್ತು.
ಒಂಬತ್ತು ವರ್ಷ
ನಾನು ಆ ಬಿಸಿಯ ಹೆಂಡತಿ.

ಮತ್ತೆ ಒಂದು ಸಂಜೆ, ಮಳೆಗೆ ಓಡಿ ಹತ್ತಿದ ಬಸ್ಸು
ಅವನದೇ.
ಕಾರ್ಡು ಒತ್ತಿದೆ. ಅವನು ತಲೆಯೆತ್ತಲಿಲ್ಲ.
ಕರೆಯಬಹುದಿತ್ತು, ಕರೆಯಲಿಲ್ಲ.
ಆರು ನಿಲ್ದಾಣ ಕಂಬಿ ಹಿಡಿದು ನಿಂತು
ಅವನ ಕತ್ತು ನೋಡಿದೆ.
ಹಿಂದೆಲ್ಲ ನರೆತುಹೋಗಿತ್ತು.
ಯಾವಾಗ ನರೆಯಿತೆಂದು
ಯಾವ ಚೀಟಿಯಲ್ಲೂ ಬರೆದಿರಲಿಲ್ಲ.

ಊರು ಬಿಟ್ಟದ್ದು ಅದಕ್ಕೆ. ಬೇರೆ ಕಾರಣ ಕೇಳಿದವರಿಗೆ
ಬೇರೆ ಬೇರೆ ಹೇಳಿದ್ದೇವೆ.

ಸಿನೋಪ್. ಕರಿಸಮುದ್ರಕ್ಕೆ ಮೂಗು ಚಾಚಿದ ಊರು.
ಸಂಬಳ ಅರ್ಧ, ಗಾಳಿ ದುಪ್ಪಟ್ಟು.
ಅವನಿಗೆ ಶಾಲೆಯ ವ್ಯಾನು, ನನಗೆ ಹಗಲಿನ ವಾರ್ಡು.
ಪಕ್ಕದ ಮನೆಯ ಮುಯೆಸ್ಸೆರ್ ಅಜ್ಜಿ
ಅಕ್ರೋಡು ಉದುರಿಸಿದ ಮಂತಿಯ ತಟ್ಟೆ ಹಿಡಿದು
ಹೊಸ್ತಿಲಲ್ಲೇ ವಿಚಾರಣೆ ನಡೆಸಿದಳು:
'ಇಲ್ಲಿ ಯಾರ ಕಡೆಯವರು?' ಯಾರ ಕಡೆಯೂ ಅಲ್ಲ.
'ಜಮೀನು ಇದೆಯಾ?' ಇಲ್ಲ.
'ಮತ್ತೆ ಯಾತಕ್ಕೆ ಬಂದಿರಿ?'
'ಹೊತ್ತಿಗೆ' ಅಂದ ಸೆಜಾಯಿ.
'ಓ, ಅದು ಇಲ್ಲಿ ದಂಡಿ' ಅಂದಳು ಅಜ್ಜಿ,
'ಖರ್ಚು ಮಾಡುವುದೇ ಕಷ್ಟ. ತಟ್ಟೆ ನಾಳೆ ಕೊಡಿ.'

ಮೊದಲ ವಾರ, ನಾಲ್ಕೂವರೆಗೆ ಮನೆಗೆ ಬಂದು
ಬಿಸಿಲಿನಲ್ಲಿ ಕಾಲು ಚಾಚಿ ಕೂತ ಅಪ್ಪನ ಹಣೆ
ಮುಟ್ಟಿ ನೋಡಿದಳು ಪೆಲಿನ್.
'ಜ್ವರವಾ?'
ಇಲ್ಲ ಮಗಳೇ.
'ಹಾಗಾದರೆ ಇವತ್ತು ಭಾನುವಾರವಾ?'
ಮಂಗಳವಾರ.
ಅವಳು ನಂಬಲಿಲ್ಲ. ನನ್ನನ್ನು ಕೇಳಿ ಖಚಿತ ಮಾಡಿಕೊಂಡಳು.

ಸುಖ ಎಂದು ಹೇಳಿಬಿಡಬಹುದು,
ಎರಡನೇ ಲಾರಿಯೊಂದು ಬರದೆ ಇದ್ದಿದ್ದರೆ.
ಒಂಬತ್ತು ವರ್ಷ ಮುಂದೂಡಿದ ಜಗಳಗಳೆಲ್ಲ
ಒಂದೊಂದಾಗಿ ಅದರಿಂದ ಇಳಿದವು,
ಒಂದೂ ಒಡೆದಿರಲಿಲ್ಲ, ಚೆನ್ನಾಗಿ ಪ್ಯಾಕ್ ಆಗಿದ್ದವು.
ಅವನು ಚಹಾದ ಚಮಚವನ್ನು ಸಿಂಕಿನಲ್ಲೇ ಬಿಡುತ್ತಾನೆ.
ನಾನು ಅವನ ಅಮ್ಮನ ಫೋನಿಗೆ ನಿದ್ದೆ ನಟಿಸುತ್ತೇನೆ.
ಅಡುಗೆಮನೆಯಲ್ಲಿ ಇಬ್ಬರೂ ಒಂದೇ ಕಡೆಗೆ ಸರಿದು
ಮೊಣಕೈ ತಾಗಿ, ಕ್ಷಮಿಸಿ ಅಂದುಕೊಳ್ಳುತ್ತೇವೆ,
ಬಸ್ಸಿನಲ್ಲಿ ಅಪರಿಚಿತರು ಅಂದ ಹಾಗೆ.
ಬಾಡಿಗೆ ಕೊಟ್ಟ ರಾತ್ರಿ ಉಳಿದ ನೋಟು ಎಣಿಸುತ್ತ
'ಅಲ್ಲೇ ಇರಬಹುದಿತ್ತು' ಎಂದು
ಮೊದಲು ಹೇಳಿದ್ದು ಯಾರೆಂಬುದಕ್ಕೂ ಜಗಳ.
ಹೊತ್ತು ಹೊರೆಯಾಗುತ್ತದೆಂದು
ಮುಯೆಸ್ಸೆರ್ ಅಜ್ಜಿಗೆ ಮೊದಲೇ ಗೊತ್ತಿತ್ತು.

ಫೆಬ್ರವರಿ. ನಾಲ್ಕು ದಿನದಿಂದ ದೋಣಿಗಳು ಇಳಿದಿಲ್ಲ.
ಕಿಟಕಿಯ ಸಂದಿಗೆ ಟವೆಲು ತುರುಕಿ ಅಡುಗೆಮನೆಗೆ ಬಂದರೆ
ಫ್ರಿಜ್ಜಿನ ಮೇಲೊಂದು ಚೀಟಿ.
ನಿಂಬೆಹಣ್ಣು ಸಾಗಾಟದಲ್ಲಿ ಎಲ್ಲೋ ಕಳೆದಿತ್ತು,
ಗಾಯಕ್ಕೆ ಅಂಟಿಸುವ ನನ್ನ ಬಿಳಿ ಪಟ್ಟಿಯಿಂದ ಅಂಟಿಸಿದ್ದಾನೆ.
'ಇದ್ದೀಯಾ?'

ಬರೆದವನು ಮೂರು ಹೆಜ್ಜೆ ಆಚೆ
ಬೆನ್ನು ತಿರುಗಿಸಿ ರೊಟ್ಟಿ ಕೊಯ್ಯುತ್ತಿದ್ದ,
ಬೇಕೆಂದೇ ನಿಧಾನ.
ನರೆತ ಕತ್ತು. ಮನೆ ಬಿಟ್ಟು ಎಲ್ಲೂ ಹೋಗಬೇಕಿಲ್ಲದ ಕತ್ತು.

ಪೆಲಿನ್‌ಳ ಪೆನ್ಸಿಲ್ ಎತ್ತಿಕೊಂಡು ಬರೆದೆ:
'ಇದ್ದೇನೆ. ಚಮಚ ತೊಳೆ.'

ಅವನು ಬಂದು, ಕನ್ನಡಕ ಹಾಕಿ, ಎರಡು ಸಲ ಓದಿ
'ಅಕ್ಷರ ಮೊದಲಿಗಿಂತ ಕೆಟ್ಟಿದೆ' ಅಂದ.
ಚಮಚ ಮಾತ್ರ ಮಧ್ಯಾಹ್ನದವರೆಗೂ ಅಲ್ಲೇ ಇತ್ತು.