ಮುಂದಿನ ತಾರೀಖು

ನಾಳಿಂದ ಬಾಯಾರು ಕೋರ್ಟಿಗೆ ಬರೂದಿಲ್ಲ.
ಮೊಳಿಗೆ ಕರೀ ಕೋಟು ಜೋತು ಬಿದ್ದೈತಿ, ಮೊಣಕೈ ಸವದದ್ದು.
ನಾನು, ಗುಮಾಸ್ತ ದಸ್ತಗೀರ,
ಕಪಾಟು ಖಾಲಿ ಮಾಡಾಕತ್ತೇನಿ.
ಮೂವತ್ತೊಂದು ವರ್ಷದ ಧೂಳು ಸೀನು ತರಸತೈತಿ.

ಕ್ಯಾಂಪಿನ ಕಡಿಂದ ಮುಂಜಾನಿ ಬಿಗಲು
ಈ ಕಿಡಕಿತನಕ ತೇಲಿ ಬರತಿತ್ತು.
‘ಅಕಾ, ಗಂಡಸರನ್ನ ಎಬ್ಬಸಾಕತ್ಯಾರ’ ಅಂತಿದ್ರು ಬಾಯಾರು,
‘ಅವರ ಹೆಂಡ್ರು ಮೂರಕ್ಕ ಎದ್ದಾರ,
ಅವರಿಗ್ಯಾರು ಊದಿದ್ರು?’

ಬರತಿದ್ರು ಅವರು, ಹುದಲಿಯಿಂದ, ಸಾಂಬ್ರಾದಿಂದ,
ಖಾನಾಪುರ ದಾಟಿ ಬಸ್ಸು ಕಾಣದ ಊರಿಂದ.
ಪ್ಲಾಸ್ಟಿಕ್ ಚೀಲದಾಗ ಮದುವಿ ಫೋಟೋ, ಪಾಸ್‌ಬುಕ್ಕು,
ಮರಾಠಿಯೊಳಗ ಶುರುವಾಗಿ
ಕನ್ನಡದಾಗ ಅಳುವ ಮಾತು.
ಕುಂದಾ ತಂದವರಿಗೆ ಬೈಗುಳ ಖಾತ್ರಿ:
‘ಫೀ ಇರಲಿಕ್ಕರ ಬಿಡವಾ, ನನ್ನ ಸಕ್ಕರಿ ಏರಸಬ್ಯಾಡ.’
ಅವರು ಹೋದಮ್ಯಾಲ
ನಾವಿಬ್ರೂ ತಿಂದದ್ದೂ ಖರೆ.

ಈ ಫೈಲು ರುಕ್ಮಾಂದು. ಗಂಡ ಪುಂಡಲೀಕ ಗಾವಡೆ,
ಎಲ್ಲೋ ಹಿಮದಾಗ, ಊರ ಹೆಸರು ಬರಿಯೂ ಹಂಗಿಲ್ಲ.
ಮೂರು ಸಲ ಕೂಗಿದ್ರು. ಸಾಹೇಬ್ರು ‘ಗೈರು’ ಅಂತ ಬರಿಯೂದ್ರಾಗ
ಎದ್ದು ನಿಂತ್ರು ಬಾಯಾರು, ರುಕ್ಮಾನ ಪರ ವಕೀಲರು:
‘ಗೈರಲ್ರಿ ಅಂವಾ. ಬ್ಯಾರೆ ಕಡೆ ಹಾಜರದಾನ.’
ತಾರೀಖು ಮುಂದ ಹೋತು.
ಹೊರಗ ಪಡಸಾಲ್ಯಾಗ ರುಕ್ಮಾ ಚೀಲ ನೆಲಕ್ಕ ಬಡದ್ಲು:
‘ನೀವು ಯಾರ ಪಾಲಿ ವಕೀಲ್ರು?’
ಬಾಯಾರಿಗೆ ಉತ್ತರ ಸಿಗಲಿಲ್ಲ.
ಅವತ್ತು ರಾತ್ರಿ ಎಂಟರತನಕ ಪತ್ರ ಹೇಳಿದ್ರು, ನಾ ಟೈಪ ಮಾಡ್ದೆ,
ಪಲ್ಟಣದ ದೊಡ್ಡ ಸಾಹೇಬರಿಗೆ.
ಎರಡು ತಿಂಗಳಿಗೆ ಅವನ ಪಗಾರದಿಂದ ಕಡಿದ ರೊಕ್ಕ
ಆಕಿ ಖಾತೆಗೆ ಬಂತು. ವರ್ಷಕ್ಕ ಅಂವಾ ಬಂದ.
ಬಾಂಕಿನ ಮ್ಯಾಲ ಕುಂತಿದ್ದ ಹುಡುಗಿಗೆ
‘ನಿನ್ನ ಹೆಸರೇನು?’ ಅಂತ ಕೇಳಿದ. ಆಕಿ ಅವನ ಮಗಳು.
ಕೂಡಲಿಲ್ಲ ಅವರು, ಕಡಿಕೂ.
ಬಿಡುಗಡೆ ಕಾಗದಕ್ಕ ಇಬ್ರೂ ನನ್ನ ಪೆನ್ನಿಲೇ ಸಹಿ ಮಾಡಿದ್ರು.
ಪೆನ್ನು ಅಂವಾ ಒಯ್ದ.

ಇದು ಹೌಸವ್ವಂದು. ಇಪ್ಪತ್ತೆರಡಕ್ಕ ಹಣಿ ಬೋಳು.
ಅತ್ತಿ ಕರಕೊಂಡು ಬಂದಿದ್ಲು, ಸಂಗಡ ಮೈದುನ.
‘ಇವನ್ನ ಮಾಡಿಕೊಂಡ್ರ ಪಿಂಚಣಿ ಮನಿಯಾಗ ಉಳೀತೈತ್ರಿ.’
ಎಲ್ಲಾರನ್ನೂ ಹೊರಗ ಕಳಿಸಿ ಅವರಿಬ್ರನ್ನ ಕೂಡಿಸಿದ್ರು ಬಾಯಾರು.
‘ಏನ ಓದತಿಯೋ?’
‘ಪಿಯುಸಿ. ಸೈನ್ಸ್.’
ಹುಡುಗನ ಕಣ್ಣು ತನ್ನ ಬೂಟಿನ ಲೇಸಿನ ಮ್ಯಾಲ.
ಹೌಸವ್ವ ನಕ್ಕಬಿಟ್ಲು, ಸೂತಕ ಕಳದ ಮ್ಯಾಲ ಮೊದಲನೇ ಸಲ:
‘ಇವಗ ನಾನ ತಲಿಗೆ ಎಣ್ಣಿ ಹಚ್ಚತೇನ್ರಿ,
ಐತವಾರಕ್ಕೊಮ್ಮೆ.’
ಬಾಯಾರು ಕನ್ನಡಕ ತಗದು ಒರಸಿದ್ರು,
ಮತ್ತ ಒರಸಿದ್ರು.
ನಾಕು ವರ್ಷ ನಡೀತು ಆ ಕಾಗದದ ಜಗಳ.
ಅತ್ತಿ ಇವತ್ತಿಗೂ ನಮ್ಮ ಕಟ್ಟಿ ಮುಂದ ಹಾದ್ರ
ಮಾರಿ ತಿರಗಸತಾಳ.

ಗೆದ್ದದ್ದೆಷ್ಟು ಅಂತ ಕೇಳಬ್ಯಾಡ್ರಿ, ಲೆಕ್ಕ ಇಟ್ಟಿಲ್ಲ.
ಲೆಕ್ಕ ಇಟ್ಟದ್ದು ಬ್ಯಾರೆ: ಈ ಉದ್ದನ್ನ ರಿಜಿಸ್ಟರು,
ಕೆಂಪು ದಾರ, ಅಂಚಿಗೆ ಚಹಾದ ಕಲೆ.
ಯಾವ ಸಿಪಾಯಿಗೆ ಯಾವಾಗ ರಜಾ,
ಎಷ್ಟು ದಿನ, ಯಾವ ಗಾಡಿಗೆ ಇಳಿತಾನ.
ಆ ಹದಿನಾಕು ದಿನದಾಗ ಬೀಳೂ ಹಂಗ
ತಾರೀಖು ಬೇಡತಿದ್ರು ಬಾಯಾರು, ಸಂತ್ಯಾಗ ಬದನಿಕಾಯಿ ಚೌಕಾಶಿ ಮಾಡಿದಂಗ,
‘ಒಂದು ಆ ಕಡೆ ಸರಸ್ರಿ, ಸಾಹೇಬ್ರ, ಒಂದ ದಿನ.’

ಡಬ್ಬಿಗೆ ಹಾಕಾಕ ಎತ್ತಿದೆ. ಭಾರ ಅನಸ್ತು.
ಹಾಳಿ ತಗದ್ರ ಮಾರ್ಚ್: ಲ್ಯಾನ್ಸ್ ನಾಯಕ ಮಲ್ಲೇಶಿ ತಳವಾರ,
ಮಗನ್ನ ನೋಡೂ ಅರ್ಜಿ.
‘ಬಾಯಾರ, ಇದನ್ನೇನು ಮಾಡ್ಲಿ?’

ಬಾಗಲದಾಗ ನಿಂತು ಚಪ್ಪಲಿ ಪಟ್ಟಿ ಸಿಗಸಾಕತ್ತಿದ್ರು,
ಹರಿದ ಪಟ್ಟಿ, ಸಿಗವಲ್ದು.
ತಲಿ ಎತ್ತಲಿಲ್ಲ.
‘ಏಳಕ್ಕ ಇಳಿತಾನ ಅಂತ ಬರದೈತಿ. ಗಾಡಿ ತಡ ಆಗತೈತಿ.
ಒಂಬತ್ತಕ್ಕ ಕೇಳು ಅಂತ
ಆ ಹೊಸಾ ಹುಡುಗಿಗೆ ಹೇಳು.’